ಕಾಗದದ ಮೇಲಿನ ದನದ ಕೊಟ್ಟಿಗೆ

ಅದು 2005ರ ಬೇಸಿಗೆ. ತಾಳಿಕೋಟೆ ರಸ್ತೆಗೆ ಹತ್ತಿದ ನಮ್ಮ ಓಣಿಯ ನಳಕ್ಕೆ ನೀರು ಬಂದು ಎಂಟು ದಿನವಾಗಿತ್ತು. ಪಂಪಿನ ಮೋಟಾರು ಸುಟ್ಟಿತ್ತು. ಸಿದ್ದವ್ವನ ರೊಟ್ಟಿ ಖಾನಾವಳಿಗೆ ದಿನಕ್ಕೆ ಮೂವತ್ತು ಕೊಡ ನೀರು ಬೇಕು. ಬಂದ ಲಾಭವೆಲ್ಲ ತಳ್ಳುಗಾಡಿಯ ನೀರಿಗೇ ಹೋಗುತ್ತಿತ್ತು. ಇನ್ನೊಂದು ವಾರ ನೋಡಿ ಖಾನಾವಳಿ ಮುಚ್ಚುವುದೆಂದು ಆಕೆ ಹೇಳಿಬಿಟ್ಟಳು. ದಿನಾ ಅಲ್ಲೇ ಉಣ್ಣುವ ಶಾಲಾ ಮಾಸ್ತರ ನಾನು. ನನಗೂ ಊಟದ ಚಿಂತೆ ಹತ್ತಿತು.

ಮಧ್ಯಾಹ್ನ ಊಟಕ್ಕೆ ಬಂದ ಆಯೇಶಾಳ ಮೇಲೆ ಸಿದ್ದವ್ವ ಹರಿಹಾಯ್ದಳು. ಆಯೇಶಾ ಪುರಸಭೆಯ ಲೆಕ್ಕದ ವಿಭಾಗದಲ್ಲಿದ್ದಳು.

“ಸರಕಾರದಿಂದ ಲಕ್ಷಗಟ್ಟಲೆ ಬರ್ತೈತಿ. ಒಂದ್ ಮೋಟಾರ್ ರಿಪೇರಿ ಮಾಡ್ಸಾಕ ಏನ್ ಧಾಡಿ ಆಗೈತಿ ನಿಮಗ?”

“ಬರ್ತೈತ್ರಿ ಅಕ್ಕಾ. ಆದ್ರ ರಸ್ತಾಕ್ಕ ಬಂದಿದ್ದು ರಸ್ತಾಕ್ಕ, ಪಗಾರಕ್ಕ ಬಂದಿದ್ದು ಪಗಾರಕ್ಕ. ಅದನ್ನ ಮೋಟಾರಿಗೆ ಮುಟ್ಟಿದ್ರ ಆಡಿಟ್‌ನವ್ರು ಬಿಡೂದಿಲ್ಲ. ರಿಪೇರಿಗೆ ಊರಿನವ್ರು ತುಂಬೂ ಮನಿಪಟ್ಟಿ ತೆರಿಗಿನ ಆಗಬೇಕು.”

“ನಾ ತುಂಬೇನಿ. ರಸೀದಿ ಐತಿ!”

ಆಯೇಶಾ ರೊಟ್ಟಿ ಮುರಿಯುತ್ತ ನಕ್ಕಳು. “ನಿಮ್ಮ ಫಾರಂ ನಾನ ತಗೊಂಡೇನ್ರಿ. ಈ ಪಡಸಾಲಿಗೆ ದನದ ಕೊಟ್ಟಿಗಿ ಅಂತ ಬರದೀರಿ. ಹಂಗಾರ ನಾ ದಿನಾ ಎಲ್ಲಿ ಕುಂತು ಉಣ್ಣಾಕತ್ತೇನಿ?”

ಉಣ್ಣುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಾನು ನಗಲಿಲ್ಲ. ಆಸ್ತಿಯ ವಿವರವನ್ನು ಮನೆಯವರೇ ಬರೆದುಕೊಡುವ ಪದ್ಧತಿ ಆಗ ಹೊಸದು. ಕೊಟ್ಟಿಗೆ ಎಂದರೆ ಪಟ್ಟಿ ಕಡಿಮೆ ಬೀಳುತ್ತದೆಂದು ಓಣಿಯವರ ಫಾರಂಗಳನ್ನೆಲ್ಲ ತುಂಬಿದ ಜಾಣ ನಾನೇ!

“ಖರೇ ಬರದು ರೊಕ್ಕಾ ತುಂಬಿದ್ರ, ಅದು ಯಾರ ಕಿಸೇಕ್ಕ ಹೋಗ್ತೈತೋ ಯಾರಿಗ್ಗೊತ್ತು?” ಸಿದ್ದವ್ವ ಇನ್ನೂ ಬಗ್ಗಲಿಲ್ಲ.

“ಬಂದ ರೂಪಾಯಿ, ಹೋದ ರೂಪಾಯಿ ಎಲ್ಲಾ ವಹಿಯೊಳಗ ಐತ್ರಿ. ನಮ್ಮ ವಿಭಾಗದ ಚಲೋತನ ಅಂದ್ರ ಅದ. ನಾಳೆ ಬರ್ರಿ, ತೋರಸ್ತೇನಿ.”

ಮರುದಿನ ಸಿದ್ದವ್ವ, ನಾನು ಇಬ್ಬರೂ ಪುರಸಭೆಗೆ ಹೋಗಿ ಲೆಕ್ಕದ ವಹಿ ನೋಡಿದೆವು. ಕರೆಂಟು ಬಿಲ್ಲು, ಬೀದಿದೀಪ, ಬ್ಲೀಚಿಂಗ್ ಪುಡಿ ಎಲ್ಲ ತಾರೀಖಿನ ಸಮೇತ ಇತ್ತು. ಬಿಲ್ಲು ತಿಂಗಳಿಗೊಮ್ಮೆ ಬರುತ್ತದೆ, ಪಟ್ಟಿ ಮಾತ್ರ ಜನ ನೆನಪಾದಾಗ ತುಂಬುತ್ತಾರೆ. ನಮ್ಮ ಓಣಿಯ ಪುಟದಲ್ಲಿ ಹದಿನೇಳು ಕೊಟ್ಟಿಗೆಗಳಿದ್ದವು. ಓಣಿಯಲ್ಲಿರುವುದು ಎರಡೇ ಎಮ್ಮೆ.

“ಮಾಸ್ತರ, ಪೆನ್ ತಗೀರಿ,” ಎಂದಳು ಸಿದ್ದವ್ವ.

ಫಾರಂನಲ್ಲಿ ಕೊಟ್ಟಿಗೆ ಹೊಡೆದುಹಾಕಿ ಖಾನಾವಳಿ ಎಂದು ಬರೆದೆ. ಕಡಿಮೆ ಬಿದ್ದಿದ್ದ ಪಟ್ಟಿಯ ಬಾಕಿಯನ್ನು ಸಿದ್ದವ್ವ ತುಂಬಿದಳು. ಸಂಜೆ ಕಿರಾಣಿ ಅಂಗಡಿಯ ಯಂಕಪ್ಪನನ್ನು ಎಲ್ಲರೆದುರು ಕೇಳಿದಳು: “ನಾ ತಿದ್ದಿ ಬಂದೇನಿ. ನೀ ಯಾವಾಗ?” ವಾರದೊಳಗೆ ಹದಿನಾಲ್ಕು ಮನೆಯವರು ತಿದ್ದಿಸಿ ಬಾಕಿ ತುಂಬಿದರು. ಆ ರೊಕ್ಕದಲ್ಲಿ ಮೋಟಾರು ರಿಪೇರಿಯಾಗಿ ನಳಕ್ಕೆ ನೀರು ಬಂತು. ಅವತ್ತು ಸಿದ್ದವ್ವ ಎಲ್ಲರಿಗೂ ಶೇಂಗಾ ಹೋಳಿಗೆ ಬಡಿಸಿದಳು. ನನಗೆ ಒಂದು ಹೆಚ್ಚೇ ಬಿತ್ತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಫಾರಂನಲ್ಲಿ ಏನಿದೆ, ಇವತ್ತೇ ತೆಗೆದು ನೋಡಿ. ತಪ್ಪಿದ್ದರೆ ತಿದ್ದಿಸಿ, ಪಟ್ಟಿ ತುಂಬಿ, ರಸೀದಿ ಇಸಿದುಕೊಳ್ಳಿ. ಆಮೇಲೆ ಪುರಸಭೆಗೆ ಹೋಗಿ, ಆ ರೊಕ್ಕ ಎಲ್ಲಿ ಹೋಯಿತೆಂದು ಗಟ್ಟಿ ದನಿಯಲ್ಲಿ ಕೇಳಿ.