ಸೇತುವೆಯ ಎರಡನೇ ತೊಲೆ

ಸೇತುವೆಯ ನಡುಗಂಬದ ಹತ್ತಿರ ಮಿಲ್ಡ್ರಿತ್ ಕೊಡಲಿ ಹಿಡಿದು ನಿಂತಿದ್ದಳು. ಬೆಳಗಿನ ಮಂಜಿನಲ್ಲಿ ಆಚೆ ದಡ ಕಾಣುತ್ತಿರಲಿಲ್ಲ. ಅಲ್ಲಿಂದ ಆಚೆ ದಡದವರೆಗೆ ಹಲಗೆಗಳನ್ನು ಹೊತ್ತಿದ್ದ ಎರಡು ತೊಲೆಗಳಲ್ಲಿ ಒಂದನ್ನು ಆಗಲೇ ಕಡಿದು ನೀರಿಗೆ ಕೆಡವಿಯಾಗಿತ್ತು. ಇನ್ನೊಂದಕ್ಕೆ ಅರ್ಧದವರೆಗೆ ಕಚ್ಚು ಬಿದ್ದಿತ್ತು.

"ಕಡಿಯೇ ಅಂದೆನಲ್ಲ! ಯಾರನ್ನ ಕಾಯ್ತಿದ್ದೀಯ?" ಎಂದು ಹಿಂದಿನಿಂದ ಸೀಬರ್ಟ್ ಗದರಿದ. ಅವನು ಊರಿನ ಯಜಮಾನ. ಹಳೆಯ ಯುದ್ಧವೊಂದರಲ್ಲಿ ಮುರಿದ ಭುಜ ಮೇಲೇಳುತ್ತಿರಲಿಲ್ಲ, ಇಲ್ಲದಿದ್ದರೆ ಕೊಡಲಿ ಅವನ ಕೈಯಲ್ಲೇ ಇರುತ್ತಿತ್ತು. ಬಡಗಿಯ ಹೆಂಡತಿಯಾದ ಮಿಲ್ಡ್ರಿತ್‌ಗೆ ಮರ ಕಡಿಯುವುದು ಹೊಸದಲ್ಲ.

"ನಮ್ಮೋರು ಇನ್ನೂ ಆಚೆ ಕಡೆ ಇದ್ದಾರೆ ಯಜಮಾನ್ರೇ. ನನ್ನ ಗಂಡ, ನಿಮ್ಮ ಮಗ ಆರ್ಡ್‌ಗಾರ್ ಕೂಡ."

"ಡೇನರೂ ಇದ್ದಾರೆ. ಅವರು ಮೊದಲು ಬಂದ್ರೆ? ಚರ್ಚಿನೊಳಗೆ ಮಕ್ಕಳನ್ನ ತುಂಬಿಟ್ಟಿದ್ದೀವಿ ಕಣೇ."

ಮೂರು ದಿನದ ಹಿಂದೆ ಕಡಲಾಚೆಯಿಂದ ಕೊಳ್ಳೆಗೆ ಬರುವ ಡೇನರ ಹಡಗುಗಳು ನದೀಮುಖಕ್ಕೆ ಬಂದವೆಂದು ಸುದ್ದಿ ಬಂದಾಗ, ಬಾರ್ಲಿ ಕೊಯ್ಲನ್ನು ಅರ್ಧಕ್ಕೇ ಬಿಟ್ಟು ಊರ ಗಂಡಸರೆಲ್ಲ ಹೊರಟಿದ್ದರು. ಅವಳ ಗಂಡ ಕೆನ್ರೆಡ್ ಕೂಡ. ಆಮೇಲೆ ಒಬ್ಬನೂ ಮರಳಿರಲಿಲ್ಲ. ಅವಳ ಅಂಗೈ ಬೆವರಿ ಕೊಡಲಿಯ ಹಿಡಿ ಜಾರುತ್ತಿತ್ತು. ಅದನ್ನು ಲಂಗಕ್ಕೆ ಒರೆಸಿ ಒರೆಸಿ ಹಿಡಿಯುತ್ತಿದ್ದಳು.

ಮಂಜಿನಾಚೆ ಕಾಲುಗಳ ಸದ್ದು ಕೇಳಿತು. ಒಬ್ಬಿಬ್ಬರದಲ್ಲ. ಸದ್ದು ಹತ್ತಿರವಾಯಿತು.

"ಕಡಿ!" ಎಂದ ಸೀಬರ್ಟ್.

ಅವಳು ಕೊಡಲಿ ಎತ್ತಿದಳು. ಆದರೆ ಹೊಡೆಯಲಾಗದೆ ಕೂಗಿದಳು: "ಯಾರಲ್ಲಿ? ಬಾಯಿ ಬಿಡಿ, ಇಲ್ಲಾಂದ್ರೆ ನೀರಿಗೆ ಬೀಳ್ತೀರ!"

"ನಾನು ಕಣೇ, ಮಾರಾಯ್ತಿ! ಗಂಡನ್ನ ಮುಳುಗಿಸೋಕೆ ಇಷ್ಟು ಆತುರಾನಾ?"

ಕೆನ್ರೆಡ್‌ನ ದನಿ. ಅವಳು ಕೊಡಲಿ ಇಳಿಸಿದಳು. ತೊಡೆಗೆ ಬಟ್ಟೆ ಬಿಗಿದುಕೊಂಡು, ಇನ್ನೊಬ್ಬನ ಹೆಗಲಿಗೆ ಜೋತುಬಿದ್ದು ಅವನು ಬಂದ. ಅವರ ಬೆನ್ನಿಗೇ ಊರಿನ ಇತರ ಗಂಡಸರು. ತೊಲೆ ಕಿರುಗುಡುತ್ತಿತ್ತು. "ಒಬ್ಬೊಬ್ಬರೇ ಬನ್ನಿ, ಓಡಬೇಡಿ!" ಎಂದು ಅವಳು ಕೂಗುತ್ತಲೇ ಇದ್ದಳು. ಹೋದವರು ಅರವತ್ತು ಮಂದಿ. ದಾಟಿದವರು ಇಪ್ಪತ್ತಾರು.

"ಆರ್ಡ್‌ಗಾರ್ ಎಲ್ಲಿ?" ಸೀಬರ್ಟ್ ಒಬ್ಬೊಬ್ಬನ ಮುಖವನ್ನೂ ನೋಡಿ ಕೇಳುತ್ತಿದ್ದ. "ನನ್ನ ಮಗ ಎಲ್ಲಿ?"

"ಹಿಂದೆ ಇದ್ದಾನೆ," ಎಂದ ಕೆನ್ರೆಡ್, ತಲೆ ಎತ್ತದೆ. "ಅವರನ್ನ ತಡೀತಾ ಇದ್ದಾನೆ."

ಅಷ್ಟರಲ್ಲಿ ಗಾಳಿ ಬೀಸಿ ಮಂಜು ಹರಿಯಿತು. ಸೇತುವೆಯ ಆ ತುದಿಯಲ್ಲಿ ಆರ್ಡ್‌ಗಾರ್ ಒಬ್ಬನೇ ಗುರಾಣಿ ಹಿಡಿದು ಹಿಂದೆ ಹಿಂದೆ ಸರಿಯುತ್ತಿದ್ದ. ಅವನೆದುರು ದಡದ ತುಂಬ ಡೇನರು. ಹಲಗೆ ಇಕ್ಕಟ್ಟಾದ್ದರಿಂದ ಇಬ್ಬರಿಗಿಂತ ಹೆಚ್ಚು ಮಂದಿ ಒಟ್ಟಿಗೆ ಮುಂದೆ ಬರಲಾಗುತ್ತಿರಲಿಲ್ಲ. ಅವನು ಬೆನ್ನು ತಿರುಗಿಸಿ ಓಡಿದರೆ ಅವರೂ ಅವನ ಹಿಂದೆಯೇ ಈಚೆ ಬರುತ್ತಿದ್ದರು.

ಮಿಲ್ಡ್ರಿತ್ ಮುದುಕನತ್ತ ನೋಡಿದಳು. ಬೆಳಗಿನಿಂದ ಕಡಿ ಕಡಿ ಎಂದವನು ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡ. "ತಡಿ. ಇನ್ನೊಂದು ಗಳಿಗೆ. ಬರ್ತಾನೆ ಅವನು."

ಆರ್ಡ್‌ಗಾರ್ ಒಮ್ಮೆ ತಿರುಗಿ ನೋಡಿದ. "ಮಿಲ್ಡ್ರಿತ್! ನೀನೇ ಕಡಿ! ಅಪ್ಪನ್ನ ಕೇಳ್ಬೇಡ!"

ಅವಳು ಕೈ ಕೊಸರಿಕೊಂಡಳು. ಮೂರು ಪೆಟ್ಟಿಗೆ ತೊಲೆ ಸಿಡಿಯಿತು. ಹಲಗೆಗಳ ಜೊತೆ ಮುಂದಿದ್ದ ಇಬ್ಬರು ಡೇನರು, ಆರ್ಡ್‌ಗಾರ್ ಎಲ್ಲರೂ ಒಟ್ಟಿಗೆ ನೀರಿಗೆ ಬಿದ್ದರು. ನೀರು ಅವನ ಗುರಾಣಿಯನ್ನು ಮಾತ್ರ ಮೇಲೆ ತಂದಿತು.

ಡೇನರು ಸಂಜೆಯವರೆಗೆ ಆಚೆ ದಡದಿಂದ ಬಾಣ ಬಿಟ್ಟರು, ಬೈದರು. ಎರಡು ದಿನ ಕಾದು, ದಾಟಲು ದಾರಿ ಕಾಣದೆ ಹಡಗುಗಳತ್ತ ಮರಳಿದರು. ಚರ್ಚಿನ ಬಾಗಿಲು ತೆರೆದಾಗ ಮಕ್ಕಳು ಹಸಿವೆಂದು ಅಳುತ್ತ ಹೊರಬಂದರು.

ಮಿಲ್ಡ್ರಿತ್ ಗಂಡನ ಗಾಯ ತೊಳೆಯುತ್ತಿದ್ದರೂ ಕಿವಿ ಬಾಗಿಲ ಕಡೆಗೇ ಇರುತ್ತಿತ್ತು. ಸೀಬರ್ಟ್ ಬಂದು ಏನೆನ್ನುವನೋ? ಅವನು ಬರಲಿಲ್ಲ. ದಿನವಿಡೀ ದಡದಲ್ಲಿ ನಡೆಯುತ್ತಿದ್ದನೆಂದು ಜನ ಹೇಳಿದರು.

ಐದನೇ ದಿನ ಬಂದ. ಒಳಗೆ ಬರದೆ ಹೊಸಿಲಾಚೆಯೇ ನಿಂತ.

"ಹಾವುಮೀನು ಹಿಡಿಯೋಕೆ ಬುಟ್ಟಿ ಕಟ್ಟೋ ಜಾಗದಲ್ಲಿ ಸಿಕ್ಕಿದ್ದಾನೆ. ಕೆಸರಲ್ಲಿ," ಎಂದ. "ನನಗೊಬ್ಬನಿಗೆ ಎತ್ತೋಕೆ ಆಗಲ್ಲ."

"ಬೇರೆ ಯಾರನ್ನಾದ್ರೂ…" ಎಂದಳು ಅವಳು.

"ಬೇರೆಯವರು ಬೇಡ. ನೀನು ಬಾ."

ಅವಳು ಕೈ ಒರೆಸಿಕೊಂಡು ಎದ್ದಳು. ಇಬ್ಬರೂ ದೋಣಿಯಲ್ಲಿ ಅಲ್ಲಿಗೆ ಹೋದರು. ಕೆಸರಿನಿಂದ ಆರ್ಡ್‌ಗಾರ್‌ನನ್ನು ಎಳೆದು ಒಳಗೆ ಮಲಗಿಸಿದ ಮೇಲೆ ಮುದುಕ ತನ್ನ ಸರಿಯಿದ್ದ ಕೈಯಿಂದ ಹುಟ್ಟು ತೆಗೆದುಕೊಂಡ.

"ನಿಧಾನಕ್ಕೆ ನಾನೇ ಹುಟ್ಟು ಹಾಕ್ತೀನಿ," ಎಂದ. "ದೋಣಿ ಅಲುಗುತ್ತೆ. ನೀನು ಅವನ ತಲೆ ಹಿಡ್ಕೋ, ಮಗಳೇ."