ಮೂರು ತೂತಿನ ತಗಡು

ನಾನು ಒಂದು ಬಿಸ್ಕೀಟು ಸುಡುವ ತಗಡು. ಹುಟ್ಟಿದ್ದು ಮಾತ್ರ ಶೇಂಗಾ ಎಣ್ಣೆಯ ಡಬ್ಬಿಯಾಗಿ. ಗದಗಿನ ಎಣ್ಣೆ ಮಿಲ್ಲಿನಲ್ಲಿ ಹೊಟ್ಟೆ ತುಂಬಿಸಿ, ಬಾಯಿಗೆ ಬೆಸುಗೆ ಹಾಕಿ, ಒಂದು ಖಾನಾವಳಿಗೆ ಕಳಿಸಿದರು. ಎಣ್ಣೆ ತೀರಿತು. ಖಾಲಿ ಡಬ್ಬಿಗೆ ಮರ್ಯಾದೆ ಎಲ್ಲಿಯದು? ಬೆಟಗೇರಿಯ ತಗಡಿನ ಕೆಲಸದವನೊಬ್ಬ ನನ್ನನ್ನು ಕತ್ತರಿಸಿ, ಬಡಿದು ಚಪ್ಪಟೆ ಮಾಡಿ, ಅಂಚು ಮಡಚಿದ. ಜಿಡ್ಡು ಹೋಗಲೆಂದು ಕೆಂಡದ ಮೇಲೆ ಸುಟ್ಟ. ಜಿಡ್ಡು ಹೋಯಿತು. ಆದರೆ ಆ ಎಣ್ಣೆ ಒಂದು ಹನಿ ಮುಟ್ಟಿದರೂ ನನಗೆ ಗೊತ್ತಾಗುತ್ತದೆ. ಹೆತ್ತವಳ ವಾಸನೆ ಯಾರಿಗೆ ಮರೆಯುತ್ತದೆ?

ಮೊದಲು ನಾನು ದುಡಿದದ್ದು ಖಾಜೇಸಾಬರ ಭಟ್ಟಿಯಲ್ಲಿ. ನಮ್ಮ ಓಣಿಗಳಲ್ಲಿ ಹಬ್ಬದ ಬಿಸ್ಕೀಟನ್ನು ಮನೆಯಲ್ಲಿ ಸುಡುವುದಿಲ್ಲ. ಹಿಟ್ಟು ನಾದಿ, ತಗಡಿನ ಮೇಲಿಟ್ಟು, ಬಟ್ಟೆ ಮುಚ್ಚಿ ಭಟ್ಟಿಗೆ ಒಯ್ಯುತ್ತಾರೆ. ರಮಜಾನಿನಲ್ಲಿ ಖಾಜೇಸಾಬರ ಮಂದಿಯ ಸಾಲು, ಕ್ರಿಸ್ಮಸ್ಸಿನಲ್ಲಿ ಮಿಶನ್ ಕಂಪೌಂಡಿನವರ ಸಾಲು. ಗದ್ದಲದಲ್ಲಿ ಅದಲುಬದಲಾಗಬಾರದೆಂದು ಒಬ್ಬೊಬ್ಬರ ತಗಡಿಗೂ ಒಂದೊಂದು ಗುರುತು. ಒಂದಕ್ಕೆ ಮೂಲೆ ಕತ್ತರಿಸಿದ್ದರೆ ಇನ್ನೊಂದಕ್ಕೆ ತಂತಿ ಕಟ್ಟಿರುತ್ತದೆ. ಯಾರ ತಗಡೋ ಅವರ ಬಿಸ್ಕೀಟು. ಭಟ್ಟಿಗೆ ಇದೊಂದೇ ಕಾಯಿದೆ.

ಕಂಪೌಂಡಿನ ಕರುಣಾಬಾಯಿಯ ತಗಡು ತುಕ್ಕು ಹಿಡಿದು ತೂತು ಬಿದ್ದಾಗ ಖಾಜೇಸಾಬ ನನ್ನನ್ನು ಕೊಟ್ಟುಬಿಟ್ಟ. ಅಂಚಿಗೆ ಮೊಳೆಯಿಟ್ಟು ಮೂರು ತೂತು ಹೊಡೆದು, "ಇನ್ ಮ್ಯಾಲೆ ಇದು ನಿಮ್ದ ನೋಡ್ರಿ ಅಕ್ಕಾರ, ಕಣ್ಣು ಮುಚ್ಚಿ ಒಯ್ರಿ" ಅಂದ.

ಅಂದಿನಿಂದ ನಾನು ಆ ಮನೆಯವನಾದೆ. ಎಷ್ಟೋ ಕ್ರಿಸ್ಮಸ್ಸು ಕಂಡೆ. ಕರುಣಾಬಾಯಿ ಸೊಸೆ ತಂದಳು, ಅಜ್ಜಿಯಾದಳು. ಗಂಟಲಿಗೆ ದೊಡ್ಡ ಆಪರೇಶನ್ ಆಗಿ ದನಿ ಹೋಯಿತು. ಪಕ್ಕದಲ್ಲಿ ಕೂತವರಿಗಷ್ಟೇ ಕೇಳುವ ಪಿಸುಮಾತು ಉಳಿಯಿತು. ಕಣ್ಣಿಗೂ ಪೊರೆ ಬಂತು. ಆಗ ನಾನು ಅವಳ ದನಿಯಾದೆ. ಹಬ್ಬವಿಲ್ಲದ ದಿನ ಅಡುಗೆಮನೆಯ ಗೂಟಕ್ಕೆ ನೇತಾಡುತ್ತಿದ್ದ ನನ್ನ ಮೇಲೆ ಸೌಟಿನಿಂದ ಟಣ್ ಟಣ್ ಎಂದು ಎರಡು ಸಲ ಹೊಡೆದರೆ, ಮೊಮ್ಮಗಳು ರೂತ ಎಲ್ಲಿದ್ದರೂ, ಏನು ಮಾಡುತ್ತಿದ್ದರೂ ಬಿಟ್ಟು ಓಡಿ ಬರಬೇಕು. ಹಾಗೆಂದು ಅಜ್ಜಿ ಮೊಮ್ಮಗಳ ಕರಾರು.

ಆ ಕರಾರಿಗೆ ಕಾರಣವಿತ್ತು. ರೂತಳಿಗೆ ಶೇಂಗಾ ಆಗಿಬರುತ್ತಿರಲಿಲ್ಲ. ಚಿಕ್ಕವಳಿದ್ದಾಗ ಯಾರೋ ಒಂದು ಚಿಟಿಕೆ ಶೇಂಗಾ ಚಟ್ನಿಪುಡಿ ನಾಲಿಗೆಗೆ ಮುಟ್ಟಿಸಿದ್ದರು. ಮೈಯೆಲ್ಲ ದದ್ದು ಎದ್ದು, ತುಟಿ ಊದಿ, ಉಸಿರು ಸಿಕ್ಕಿಕೊಂಡು, ದವಾಖಾನೆಗೆ ಮುಟ್ಟುವಷ್ಟರಲ್ಲಿ ಮಗು ನೀಲಿಯಾಗಿತ್ತು. "ಇನ್ನೊಂದು ಸಲ ಹಿಂಗಾದ್ರ ನಾ ಏನೂ ಹೇಳಾಂಗಿಲ್ಲ" ಎಂದಿದ್ದರು ಡಾಕ್ಟರು. ಊರೆಲ್ಲ ಶೇಂಗಾ ತಿಂದು ಬದುಕುವ ಸೀಮೆಯಲ್ಲಿ ಆ ಹುಡುಗಿ ಯಾರ ಮನೆಯದನ್ನೂ ಮುಟ್ಟುವಂತಿಲ್ಲ. ಕ್ರಿಸ್ಮಸ್ಸಿಗೆ ಮನೆಮನೆಯಿಂದ ತಾಟು ಬರುತ್ತಿದ್ದವು. ಅವಳು ಕೈ ಹಿಂದೆ ಕಟ್ಟಿಕೊಂಡು ನೋಡುತ್ತ ನಿಲ್ಲುತ್ತಿದ್ದಳು. ಅವಳ ಹಬ್ಬವೆಂದರೆ ನನ್ನ ಮೇಲೆ ಸುಟ್ಟದ್ದು, ಅಷ್ಟೇ.

ಆ ವರ್ಷ ಅಜ್ಜಿಯ ತೋಳಿನಲ್ಲಿ ಹಿಟ್ಟು ನಾದುವ ಕಸುವು ಇರಲಿಲ್ಲ. ಸೊಸೆ ಪ್ರಫುಲ್ಲಾ ಅಂಗಡಿಯಿಂದ ಕೇಕ್ ಮಿಕ್ಸಿನ ಡಬ್ಬಿ ತಂದಳು.

"ಡಬ್ಬ್ಯಾಗ ಕ್ರಿಸ್ಮಸ್ ಬಂತನವಾ?" ಎಂದು ಅಜ್ಜಿ ಪಿಸುಗುಟ್ಟಿದಳು. "ನಾಳೆ ಪಾದ್ರಿನೂ ಡಬ್ಬ್ಯಾಗ ಬರ್ತಾನ ನೋಡು."

"ಬರ್ಲಿ ಬಿಡ್ರಿ ಅತ್ತಿ, ಅವರ ಉಪದೇಶ ಸಣ್ಣದಾಗ್ತೈತಿ" ಎಂದು ಪ್ರಫುಲ್ಲಾ ನಕ್ಕಳು. "ಡಬ್ಬಿ ಮ್ಯಾಲಿಂದೆಲ್ಲ ಎರಡೆರಡು ಸಲ ಓದೇನಿ. ಶೇಂಗಾ ಹೆಸರಿಲ್ಲ. ಬೆಣ್ಣಿ, ಒಂದು ತತ್ತಿ, ಈ ಪುಡಿ. ಅಷ್ಟ ಕಲಸಿದ್ರ ಬಿಸ್ಕೀಟು. ಕೇಕ್ ಮಾಡ್ಬೇಕಂತ ಕಾನೂನೇನಿಲ್ಲ."

ಬೆಣ್ಣೆಯನ್ನು ಮೆತ್ತಗೆ ಮಾಡಿ ಪುಡಿ ಸುರಿದಳು, ತತ್ತಿ ಒಡೆದು ಹಾಕಿ ಕಲಸಿದಳು. ಎಷ್ಟು ಸಲೀಸಾಗಿ ಒಂದುಗೂಡಿತೆಂದರೆ ಅಜ್ಜಿಗೆ ಸ್ವಲ್ಪ ಸಿಟ್ಟೇ ಬಂತು. ಉಂಡೆ ಕಟ್ಟಿ ನನ್ನ ಮೇಲೆ ಸಾಲಾಗಿ ಇಟ್ಟರು. ಚಪ್ಪಟೆ ಮಾಡುವ ಕೆಲಸ ಮಾತ್ರ ಅಜ್ಜಿ ಬಿಟ್ಟುಕೊಡಲಿಲ್ಲ. ಅವಳ ಹತ್ತಿರ ತವರಿನ ಹಿತ್ತಾಳೆಯ ವಾಟಗವೊಂದಿತ್ತು, ಸಣ್ಣ ಬಟ್ಟಲು. ಅದರ ಅಡಿಗೆ ಬಳೆಯಂಥ ಎತ್ತರದ ಅಂಚು. ಆ ವಾಟಗದಿಂದ ಒಂದೊಂದು ಉಂಡೆಯನ್ನೂ ಗಟ್ಟಿಯಾಗಿ ಒತ್ತಿದಳು. ಬಳೆಯ ಅಚ್ಚು ಆಳವಾಗಿ ಮೂಡಿತು.

"ಅಷ್ಟ್ಯಾಕ ಒತ್ತೀ ಅಜ್ಜಿ?" ಎಂದಳು ರೂತ.

"ಸುಟ್ಟು ಬಂದ ಮ್ಯಾಲೆ ಸಕ್ಕರಿ ಪಾಕ ಸುರೀತೀವಲ್ಲ, ನಿಂತ್ಕೊಳ್ಳಾಕ ಕೆರಿ ಬೇಕಲ್ಲವ್ವಾ. ಇಲ್ಲಾಂದ್ರ ಎಲ್ಲಾ ಹರಿದು ಇವನ ಹೊಟ್ಟಿಗೆ" ಎಂದು ನನ್ನ ಅಂಚು ತಟ್ಟಿದಳು.

ಪ್ರಫುಲ್ಲಾ ನನ್ನನ್ನು ಭಟ್ಟಿಗೆ ಒಯ್ದಳು. "ಚಾಚಾ, ನಮ್ದು ಎಲ್ಲಾರಕಿಂತ ಮೊದಲು ಹಾಕ್ರಿ, ಹುಡುಗಿ ಸಂಗತಿ ನಿಮಗ ಗೊತ್ತೈತಿ" ಎಂದಳು. ಖಾಜೇಸಾಬ ಮುದುಕನಾಗಿದ್ದ. ಒಲೆಯ ಬಾಯಿ ಒರೆಸಿ ನನ್ನನ್ನೇ ಮೊದಲು ಒಳಗೆ ತಳ್ಳಿದ. ಆಮೇಲೆ ಸಾಲು ಬೆಳೆಯಿತು.

ಹೊರಗೆ ಬಂದಾಗ ನಾನು ಚುರುಗುಟ್ಟುವಷ್ಟು ಕಾದಿದ್ದೆ. ಹಾಗೇ ಬಿಟ್ಟರೆ ಬಿಸ್ಕೀಟಿನ ತಳ ಸೀಯುತ್ತದೆಂದು ಖಾಜೇಸಾಬ ಅವನ್ನು ಕಾಗದದ ಮೇಲೆ ಆರಹಾಕಿದ. ಒಳ್ಳೆಯ ಮನಸ್ಸಿನಿಂದಲೇ ಹಾಕಿದ. ಅಷ್ಟರಲ್ಲಿ ನನ್ನ ಹಿಂದೆ ಹೋಗಿದ್ದ ತಗಡೂ ಹೊರಬಂದು, ಪಕ್ಕದ ಕಾಗದದ ಮೇಲೆ ಇನ್ಯಾರದೋ ಬೆಣ್ಣೆ ಬಿಸ್ಕೀಟು ಆರುತ್ತಿದ್ದವು. ಅದೇ ಹಳದಿ, ಅದೇ ಗಾತ್ರ. ಹೊಗೆ, ಕೂಗಾಟ, "ನಂದು ಆತೇನ್ರೀ?" ಎಂಬ ಹತ್ತು ಬಾಯಿ. ಅವನು ಮೂರು ತೂತು ನೋಡಿ ನನ್ನನ್ನು ಕೈಗೆತ್ತಿಕೊಂಡ. ಕಾಗದ ಯಾವುದೆಂದು ನೋಡಲಿಲ್ಲ. ಬಿಸ್ಕೀಟು ತುಂಬಿ ಬಟ್ಟೆ ಮುಚ್ಚಿದ.

ಬಿಸ್ಕೀಟಿನ ಬಿಸಿ ತಳ ನನಗೆ ತಾಗಿದ ಕೂಡಲೇ ಗೊತ್ತಾಯಿತು. ಶೇಂಗಾ ಪುಡಿ. ನುಣ್ಣಗೆ ಕುಟ್ಟಿ ಹಿಟ್ಟಿನಲ್ಲಿ ಬೆರೆಸಿದ್ದರು.

ಪ್ರಫುಲ್ಲಾ ಬಂದಳು, ಅಂಚಿನ ಮೇಲೆ ಬೆರಳಾಡಿಸಿ ಮೂರು ತೂತು ಮುಟ್ಟಿ ನೋಡಿದಳು, ನಿಶ್ಚಿಂತೆಯಿಂದ ಎತ್ತಿಕೊಂಡಳು. ನನ್ನ ಗುರುತೇ ಸುಳ್ಳು ಹೇಳುತ್ತಿತ್ತು. ದಾರಿಯುದ್ದಕ್ಕೂ ಅವಳ ಕೈಯಿಂದ ಜಾರಿ ಬೀಳಬೇಕೆಂದು ಹಂಬಲಿಸಿದೆ. ತಗಡು ಹಂಬಲಿಸಿದರೆ ಏನಾದೀತು? ಅವಳು ಮಗುವನ್ನು ಹಿಡಿದ ಹಾಗೆ ಎರಡೂ ಕೈಯಿಂದ ಹಿಡಿದಿದ್ದಳು.

ಮನೆಯಲ್ಲಿ ನನ್ನನ್ನು ಅಜ್ಜಿಯ ಮುಂದಿಟ್ಟು, ಬಟ್ಟೆ ಸರಿಸಿ, ಚರ್ಚಿನಲ್ಲಿ ಹೂವಿನ ಕೆಲಸವಿದೆಯೆಂದು ಅವಸರದಲ್ಲಿ ಹೊರಟುಹೋದಳು. ಅಜ್ಜಿ ಪುಡಿಸಕ್ಕರೆಗೆ ಹಾಲು ಚಿಮುಕಿಸಿ, ಕರಗಿಸಿದ ಬೆಣ್ಣೆ ಒಂದು ಚಮಚ ಸೇರಿಸಿ ಕದಡಿದಳು. ಬೆಳ್ಳಗೆ, ಗಟ್ಟಿ ಮಜ್ಜಿಗೆಯ ಹಾಗಾಯಿತು. ಪೊರೆಗಣ್ಣಿಗೆ ಹಳದಿ ಗುಂಡುಗಳಷ್ಟೇ ಕಾಣುತ್ತಿದ್ದವು. ಅಂದಾಜಿನ ಮೇಲೆ ಮೊದಲನೆಯದಕ್ಕೆ ಒಂದು ಚಮಚ ಸುರಿದಳು.

"ನನಗ!" ಎಂದು ರೂತ ಅದನ್ನೆತ್ತಿಕೊಂಡಳು.

"ಹಸೀ ಐತಿ, ಒಣಗಿದ ಮ್ಯಾಲೆ ತಿನ್ನಬೇಕು" ಎಂದು ಅಜ್ಜಿ ಪಿಸುಗುಟ್ಟಿದಳು.

"ಬಿಸಿಲಿಗೆ ಹಿಡೀತೀನಿ. ಲಗೂನ ಒಣಗ್ತೈತಿ." ಹುಡುಗಿ ಅಂಗಳಕ್ಕೆ ಓಡಿದಳು.

ಬಾಗಿಲಿನಿಂದ ಅವಳ ಬೆನ್ನು ಕಾಣುತ್ತಿತ್ತು. ಅಂಗೈ ಮೇಲೆ ಬಿಸ್ಕೀಟು. ಬೆರಳ ತುದಿಯಿಂದ ಪಾಕ ಮುಟ್ಟಿ ನೋಡುತ್ತಿದ್ದಳು. ಬೆರಳು ಇನ್ನೂ ಅಂಟುತ್ತಿತ್ತು. ಆ ಅಂಟು ಇರುವವರೆಗೆ ಅವಳಿಗೆ ಜೀವವಿತ್ತು. ಡಿಸೆಂಬರಿನ ಬಿಸಿಲು ಅಂದು ಯಾಕಷ್ಟು ಚುರುಕಾಗಿತ್ತೋ.

ಅಜ್ಜಿ ಎರಡನೆಯದಕ್ಕೆ ಸುರಿದಳು, ಮೂರನೆಯದಕ್ಕೆ ಸುರಿದಳು. ಪಾಕ ಬಿಸ್ಕೀಟಿನ ಮೇಲೆ ನಿಲ್ಲಲಿಲ್ಲ. ನಾಲ್ಕೂ ಕಡೆಗೆ ಜಾರಿ ನನ್ನ ಮೇಲೆ ಹರಿಯಿತು, ಅಂಚಿಗೆ ಬಂದು ಅವಳ ಬೆರಳಿಗೆ ಅಂಟಿತು.

"ಇಷ್ಟ್ಯಾಕ ಸೋರಾಕತ್ತೈತಿ?" ಎಂದು ಇನ್ನಷ್ಟು ಸಕ್ಕರೆ ಹಾಕಿ ಕದಡಿದಳು. ಮತ್ತೆ ಸುರಿದಳು. ಮತ್ತೆ ಹರಿಯಿತು.

ನಾನು ಒಳಗೊಳಗೇ ಚೀರುತ್ತಿದ್ದೆ: ಕೆರೆ ಇಲ್ಲ ತಾಯಿ, ಕೆರೆ ಇಲ್ಲ.

ಚಮಚ ನಿಂತಿತು. ಅವಳ ಹೆಬ್ಬೆರಳು ಒಂದು ಬಿಸ್ಕೀಟಿನ ಮೇಲೆ ಮೆಲ್ಲಗೆ ಸುತ್ತಿತು. ನುಣುಪು. ಇನ್ನೊಂದರ ಮೇಲೆ ಸುತ್ತಿತು. ಅದೂ ನುಣುಪು. ಬಳೆಯ ಅಚ್ಚಿಲ್ಲ. ಚೂರು ಮುರಿದು ನಾಲಿಗೆಗೆ ಇಟ್ಟಳು. ಅವಳ ಮುಖ ನನಗೆ ಕೆಳಗಿನಿಂದ ಕಾಣುತ್ತಿತ್ತು. ಅಂಥ ಮುಖವನ್ನು ನಾನು ಮತ್ತೆ ನೋಡಿಲ್ಲ.

"ರೂತಾ!" ಎಂದಳು. ಗಾಳಿಯಷ್ಟೇ ಹೊರಬಂತು. ಎದ್ದು ಅಂಗಳ ಮುಟ್ಟುವಷ್ಟು ಹೊತ್ತಿರಲಿಲ್ಲ. ಅಂಗಳದಲ್ಲಿ ಹುಡುಗಿ ಬೆರಳು ನೋಡಿಕೊಂಡಳು. ಬೆರಳು ಒಣಗಿತ್ತು. ಬಿಸ್ಕೀಟು ಬಾಯಿಯ ಕಡೆ ಹೊರಟಿತು.

ಅಜ್ಜಿ ನನ್ನನ್ನು ಎರಡೂ ಕೈಯಿಂದ ಎತ್ತಿದಳು. ಬಿಸ್ಕೀಟು, ಪಾಕ, ಎಲ್ಲ ನೆಲದ ಪಾಲಾದವು. ಮೈಯಲ್ಲಿದ್ದ ಬಲವನ್ನೆಲ್ಲ ಕೂಡಿಸಿ ನನ್ನನ್ನು ನೆಲದ ಕಡಪಾಕಲ್ಲಿಗೆ ಅಪ್ಪಳಿಸಿದಳು.

ಟಣ್!

ಮತ್ತೆ ಎತ್ತಿ ಅಪ್ಪಳಿಸಿದಳು.

ಟಣ್!

ನನ್ನ ಮೂಲೆ ಒಳಗೆ ಮಡಚಿಹೋಯಿತು. ನೋವಾಯಿತೆಂದರೆ ಸುಳ್ಳು. ಹುಟ್ಟಿದಾಗಿನಿಂದ ಒಳಗೆ ಇಟ್ಟುಕೊಂಡದ್ದನ್ನೆಲ್ಲ ಆ ಎರಡು ಏಟಿನಲ್ಲಿ ಕೂಗಿಬಿಟ್ಟೆ. ಅಂಗಳದಲ್ಲಿ ರೂತ ಬೆಚ್ಚಿದಳು. ಕರಾರು ಕರಾರೇ. ಕೈಯಲ್ಲಿದ್ದುದನ್ನು ಅಲ್ಲೇ ಬಿಸಾಕಿ ಓಡಿ ಬಂದಳು. "ಏನಾತಜ್ಜಿ? ಬಿದ್ದಿಯೇನು?"

ಅಜ್ಜಿ ಅವಳ ಬಾಯಿ ತೆರೆದು ನೋಡಿದಳು, ತುಟಿ ಸೆರಗಿನಿಂದ ಒರೆಸಿದಳು, ಬೆರಳು ಒಂದೊಂದಾಗಿ ತೊಳೆದಳು. "ತಿಂದಿಲ್ಲಲ್ಲ? ತಿಂದಿಲ್ಲಲ್ಲ?" ಎಂಬ ಪಿಸುಮಾತು ನಿಲ್ಲಲೇ ಇಲ್ಲ. ಹುಡುಗಿ ಇಲ್ಲ ಇಲ್ಲ ಎಂದು ತಲೆಯಾಡಿಸುತ್ತ ಅಳತೊಡಗಿದಳು, ಬಿಸ್ಕೀಟು ಹೋಯಿತೆಂದು.

ಸಂಜೆಗೆ ಖಾಜೇಸಾಬನೇ ಓಡೋಡಿ ಬಂದ. ನಮ್ಮ ಬಿಸ್ಕೀಟನ್ನು ಕಾಗದದ ಸಮೇತ ಒಯ್ದಿದ್ದವರು ಬಳೆಯ ಅಚ್ಚು ನೋಡಿ ಭಟ್ಟಿಗೆ ತಿರುಗಿ ತಂದಿದ್ದರಂತೆ. ಬಾಗಿಲಲ್ಲೇ ಕುಸಿದು ಕೂತ. ಅಜ್ಜಿ ಅವನಿಗೆ ಚಹಾ ಕೊಟ್ಟಳು. ಅವನು ತಂದವುಗಳಲ್ಲಿ ಒಂದನ್ನು ತಾನು ಮೊದಲು ತಿಂದು ನೋಡಿ, ಆಮೇಲೆ ಪಾಕ ಸುರಿದಳು. ಕೆರೆಯಲ್ಲಿ ನೀರು ನಿಂತ ಹಾಗೆ ನಿಂತಿತು.

ಮೂಲೆ ಮಡಚಿದ ನಾನು ಭಟ್ಟಿಗೆ ಮತ್ತೆ ಹೋಗಲಿಲ್ಲ. ಕುಲುಮೆಗೆ ಕೊಟ್ಟು ಸರಿಮಾಡಿಸೋಣವೆಂದು ಪ್ರಫುಲ್ಲಾ ಅಂದಾಗ ಅಜ್ಜಿ ಬೇಡವೆಂದು ಕೈಯಾಡಿಸಿದಳು. ಈಗ ಹಿತ್ತಿಲ ಬಾಗಿಲಿನ ಪಕ್ಕ, ಮೂರು ತೂತಿನ ನಡುವಿನದಕ್ಕೆ ಮೊಳೆ ಸಿಕ್ಕಿಸಿಕೊಂಡು ನೇತಾಡುತ್ತೇನೆ. ತುಕ್ಕು ಅಂಚಿನಿಂದ ಒಳಗೆ ಬರುತ್ತಿದೆ. ಅಜ್ಜಿ ಇಲ್ಲದೆ ಎಷ್ಟೋ ಕ್ರಿಸ್ಮಸ್ಸು ಆದವು. ರೂತ ಪ್ರತಿ ಡಿಸೆಂಬರಿನಲ್ಲಿ ಡಬ್ಬಿಯ ಪುಡಿಯನ್ನೇ ತಂದು, ಬೆಣ್ಣೆಯಲ್ಲಿ ಕಲಸಿ, ಅದೇ ವಾಟಗದಿಂದ ಒತ್ತುತ್ತಾಳೆ. ಮನೆಯಲ್ಲೀಗ ಕರೆಂಟಿನ ಒಲೆಯಿದೆ, ಹೊಸ ತಗಡಿದೆ, ಅದಕ್ಕೆ ಗುರುತಿನ ಹಂಗಿಲ್ಲ.

ಪಾಕ ಒಣಗುವ ಹೊತ್ತಿಗೆ ಅವಳು ಹಿತ್ತಿಲಿಗೆ ಬಂದು ಸೌಟಿನಿಂದ ನನ್ನನ್ನು ಎರಡು ಸಲ ಹೊಡೆಯುತ್ತಾಳೆ. ಮೂಲೆ ಮಡಚಿದ್ದರಿಂದ ದನಿ ಈಗ ಒಡಕು, ಅಜ್ಜಿಯ ಪಿಸುಮಾತಿನ ಹಾಗೆ. ಆದರೂ ಕೇಳಿಸುತ್ತದೆ. ಆಡುತ್ತಿದ್ದ ಅವಳ ಮಗಳು ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಓಡಿ ಬರುತ್ತಾಳೆ.