ಹಸಿದ ಕೌದಿ

ಹನ್ನೊಂದು ಕೌದಿ ಹೊಲಿದಿದ್ದಳು ದ್ರಾಕ್ಷಾಯಿಣಿ. ಹನ್ನೊಂದೂ ಮನೆ ಬಿಟ್ಟು ಹೋಗಿದ್ದವು. ಅಕ್ಕನ ಮೊಮ್ಮಗನಿಗೊಂದು, ಸೋದರಮಾವನ ಮನೆಗೊಂದು, ಆಫೀಸಿನ ಸಾಹೇಬರ ಹೆಂಡತಿ ಹೊಗಳಿದ್ದಕ್ಕೆ ಮುಲಾಜಿಗೆ ಬಿದ್ದು ಕೊಟ್ಟದ್ದೊಂದು. ಹನ್ನೆರಡನೆಯದನ್ನು ಹಾಸಿದ ದಿನವೇ ಆಕೆ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು: ಇದು ನನ್ನದು. ಯಾರಿಗೂ ಕೊಡುವುದಿಲ್ಲ, ದೇವರೇ ಬಂದು ಕೇಳಿದರೂ ಕೊಡುವುದಿಲ್ಲ.

ಕೇಳಲು ದೇವರೇನೂ ಬರಲಿಲ್ಲ. ಮೂಡಲಗಿಯಿಂದ ನಾದಿನಿ ಶೋಭಾಳ ಫೋನು ಬಂತು.

ತಪ್ಪು ಮಗಳು ಸುಮನಳದು. ಏಳನೆಯ ಇಯತ್ತೆಯ ಹುಡುಗಿ, ಅವ್ವನ ಕೌದಿ ಚಂದ ಕಂಡಿತೆಂದು ಫೋಟೊ ಹೊಡೆದು ವಾಟ್ಸಪ್ ಸ್ಟೇಟಸ್ಸಿಗೆ ಹಾಕಿದಳು. ಮೂಡಲಗಿಯಲ್ಲಿ ಹೊಸ ಮನೆ ಕಟ್ಟಿಸಿ ಕುಳಿತಿದ್ದ ಶೋಭಾ ಅದನ್ನು ನೋಡಿ ಅಣ್ಣನಿಗೆ ಫೋನು ಮಾಡಿದಳು. ಅಣ್ಣ ಕಾಶಿನಾಥನದು ಗೋಕಾಕದಲ್ಲಿ ಗೊಬ್ಬರದ ಅಂಗಡಿ. ಗಿರಾಕಿಗಳಿಗೆ ಇಲ್ಲ ಎಂದು ಹೇಳಲು ಬಾರದ ಬಾಯಿ ತಂಗಿಗೆಲ್ಲಿ ಹೇಳೀತು?

"ರವಿವಾರ ಶೋಭಾ ಬರಾಕತ್ತಾಳ. ಆ ಕೌದಿ ಬೇಕಂತ ಆಕಿಗೆ, ಸೋಫಾದ ಮ್ಯಾಲ ಹಾಸಾಕ. ತಗೊಂಡು ಹೋಗು ಅಂದೇನಿ" ಎಂದ, ಸೋಮವಾರ ಬೆಳಿಗ್ಗೆ ಬೂಟು ಹಾಕಿಕೊಳ್ಳುತ್ತ.

ದ್ರಾಕ್ಷಾಯಿಣಿಯ ಕೈಯಲ್ಲಿ ಡಬ್ಬಿಯ ಮುಚ್ಚಳ ಹಾಗೇ ನಿಂತಿತು. "ಅದು ನಂದು ಅಂತ ಹೊಲ್ಯಾಕತ್ತೇನ್ರಿ" ಎಂದಳು.

"ನಂದು ನಿಂದು ಅಂತ ಏನೈತಿ ಮನ್ಯಾಗ? ಮತ್ತೊಂದು ಹೊಲಕೊಂಡರಾತು."

ಮತ್ತೊಂದು ಹೊಲಿದುಕೊಂಡರಾಯಿತಂತೆ! ಆ ಮಾತಿಗೆ ಆಕೆಗೆ ಸಿಟ್ಟು ನೆತ್ತಿಗೇರಿತು. ಆದರೆ ಏಳೂವರೆಯ ಬಸ್ಸು ಸಿಟ್ಟಿಗೆ ಕಾಯುವುದಿಲ್ಲವಲ್ಲ. "ಜೋಳದ ಡಬ್ಬಿ ಬಾಗಲದಾಗ ಇಟ್ಟೇನಿ, ಹಿಟ್ಟು ಮುಗ್ಯಾಕ ಬಂದೈತಿ. ಗಿರಣಿಗೆ ಒಯ್ದು ಹಾಕ್ರಿ" ಎಂದಷ್ಟೇ ಹೇಳಿ ಓಡಿದಳು.

"ಆತು, ನಾಳೆ ಹಾಕ್ತೇನಿ" ಎಂದ ಕಾಶಿನಾಥ.

ಅವರ ಮನೆ ಕೊಣ್ಣೂರಿನಲ್ಲಿ, ಆಕೆಯ ಆಫೀಸು ಹುಕ್ಕೇರಿಯಲ್ಲಿ. ಘಟಪ್ರಭಾದಲ್ಲಿ ಬಸ್ಸು ಬದಲಿಸಬೇಕು. ಹೆಣ್ಣುಮಕ್ಕಳಿಗೆ ಹವ್ಯಾಸ ಇರಬಾರದು ಅಂತ ಯಾರೂ ಹೇಳುವುದಿಲ್ಲ ಬಿಡಿ, ಅದಕ್ಕೆ ಹೊತ್ತು ಮಾತ್ರ ಕೊಡುವುದಿಲ್ಲ. ಹಾಗಾಗಿ ಆಕೆ ಬಸ್ಸಿನಲ್ಲೇ ತೊಡೆಯ ಮೇಲೆ ಸಣ್ಣ ಸಣ್ಣ ತುಂಡುಗಳನ್ನು ಕೂಡಿಸುತ್ತಿದ್ದಳು. ಕಾಲೇಜಿಗೆ ಉಟ್ಟಿದ್ದ ಹಸಿರು ಸೀರೆ, ಮೊದಲ ಪಗಾರದಲ್ಲಿ ಕೊಂಡ ನೇರಳೆ ಸೀರೆ, ತೀರಿಕೊಂಡ ಅವ್ವನ ಇಳಕಲ್ಲಿನ ಕೆಂಪು ಸೆರಗು. ಮನೆಯಲ್ಲಿ ಬೆಳಗಿನ ಐದಕ್ಕೆದ್ದು, ನಳ ಬರುವ ಮುಂಚೆ ಸಿಕ್ಕ ಅರ್ಧ ತಾಸಿನಲ್ಲಿ ಅವನ್ನು ಕೌದಿಗೆ ಜೋಡಿಸಿ ಟಾಕು ಹಾಕುವುದು. ಆ ಅರ್ಧ ತಾಸಿನಲ್ಲಿ ಮಾತ್ರ ಆಕೆಯನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಅದಕ್ಕೇ ಆಕೆಗೆ ಕೌದಿಯೆಂದರೆ ಜೀವ.

ಅತ್ತೆ ಗೌರವ್ವನಿಗೆ ಅದೂ ಸಹಿಸದು. ಮೊಳಕಾಲು ನೋವಿನ ಮುದುಕಿ ನಸುಕಿನಲ್ಲೇ ಎಚ್ಚರಾಗಿ, "ಹರಕ ಅರಿವಿ ಹಿಡ್ಕೊಂಡು ಕುಂತಿ ಏನವಾ? ನಿದ್ದಿನರೆ ಮಾಡಬಾರದಾ?" ಎಂದು ಹಾಸಿಗೆಯಿಂದಲೇ ಗೊಣಗುವಳು. ಹಾಗೆ ನೋಡಿದರೆ ಸೊಸೆಗೆ ಕೌದಿ ಕಲಿಸಿದವಳೇ ಅವಳು.

ಮಂಗಳವಾರ ಅತ್ತೆಯನ್ನು ಗೋಕಾಕಕ್ಕೆ ಮೊಳಕಾಲಿನ ಡಾಕ್ಟರ ಹತ್ತಿರ ಕರೆದೊಯ್ಯುವ ಪಾಳಿ. ಅರ್ಧ ದಿನದ ರಜೆ, ಮೂರು ತಾಸು ಬೆಂಚಿನ ಮೇಲೆ. ಬುಧವಾರ ನಳ ಬರಲೇ ಇಲ್ಲ. ಬೋರಿನಿಂದ ಹತ್ತು ಕೊಡ ಹೊತ್ತದ್ದಾಯಿತು. ಗುರುವಾರ ಸುಮನಳ ಸಾಲೆಯಲ್ಲಿ ವಿಜ್ಞಾನದ ಮಾದರಿ ಒಪ್ಪಿಸಬೇಕು. ಹುಡುಗಿ ಬೆಳಿಗ್ಗೆ ಎದ್ದು, "ಅವ್ವಾ, ಜ್ವಾಲಾಮುಖಿ ಮಾಡಬೇಕು, ಇವತ್ತ" ಎಂದು ಅಳುತ್ತ ನಿಂತಳು. ಅಂದು ಕೌದಿಯ ಬದಲು ಅರ್ಧ ತಾಸು ಜ್ವಾಲಾಮುಖಿ. ಶುಕ್ರವಾರ ಆಫೀಸಿನಲ್ಲಿ ತಪಾಸಣೆ. ಕಡತ ಹುಡುಕಿ ಹುಡುಕಿ ಬೆನ್ನು ಎರಡಾಗಿ, ವಾಪಸು ಬರುವಾಗ ಬಸ್ಸಿನಲ್ಲಿ ನಿದ್ದೆ ಹತ್ತಿ ಸೂಜಿ ಬೆರಳಿಗೆ ಚುಚ್ಚಿತು. ಬಾಜೂ ಕುಳಿತಾಕೆ "ಯಾಕ್ರಿ ಅಕ್ಕಾರ, ಮನ್ಯಾಗ ಮಕ್ಕೋಳಾಕ ಜಾಗಾ ಇಲ್ಲೇನ್ರಿ?" ಎಂದು ನಕ್ಕಳು. ದ್ರಾಕ್ಷಾಯಿಣಿಗೆ ನಗು ಬರಲಿಲ್ಲ, ಅಳು ಬಂತು.

ಜೋಳದ ಡಬ್ಬಿ ಮಾತ್ರ ಬಾಗಿಲಲ್ಲೇ ಇತ್ತು. ಮಂಗಳವಾರ "ಮರ್ತೆ". ಬುಧವಾರ "ಕರೆಂಟ್ ಇರಲಿಲ್ಲ". ಗುರುವಾರ "ಗಿರಣ್ಯಾಗ ಪಾಳಿ ಭಾಳ ಇತ್ತು". ಶನಿವಾರ ಕಾಶಿನಾಥ ಡಬ್ಬಿಯನ್ನು ಕಾಲಿನಿಂದ ಸರಿಸಿ ಗಾಡಿ ಹೊರಗೆ ತೆಗೆದ.

ಅಂದು ಆಫೀಸಿಗೆ ರಜೆ, ಮಧ್ಯಾಹ್ನ ಆಕೆ ಕೌದಿಗೆ ಕುಳಿತಳು. ಸುತ್ತಲೂ ಹೊಲಿಗೆ ಮುಗಿದು ಒಂದು ಮೂಲೆಯ ಬಾಯಿ ಮಾತ್ರ ಉಳಿಯಿತು. ಆ ಬಾಯಿ ಹೊಲಿಯುವ ಮುಂಚೆ ಒಳಗೊಂದು ತುಂಡು ಜೋಳದ ರೊಟ್ಟಿ ಇಡಬೇಕು. ಅದು ಕೌದಿಯ ಹೊಟ್ಟೆ ತುಂಬಿಸುವ ಪದ್ಧತಿ. ಬಿಸಿ ರೊಟ್ಟಿ ನಾಳೆ ಹೇಗೂ ಆಗುತ್ತದಲ್ಲ, ನಾಳೆಯೇ ಇಟ್ಟರಾಯಿತೆಂದು ಮಡಚಿಟ್ಟಳು. ಮಡಚುವಾಗ ಅವ್ವನ ಸೆರಗು ಕೈಗೆ ತಾಗಿತು. ಇನ್ನೊಬ್ಬರ ಸೋಫಾದ ಮೇಲೆ, ಬಂದವರ ಬೆನ್ನಡಿಗೆ, ತನ್ನವ್ವನ ಸೆರಗು. ಜಗಳಾಡಲು ಮೈಯಲ್ಲಿ ತ್ರಾಣವಿರಲಿಲ್ಲ.

ರವಿವಾರ ಶೋಭಾ ಒಬ್ಬಳೇ ಬರುತ್ತಾಳೆಂದುಕೊಂಡರೆ ಗಾಡಿಯಿಂದ ಐದು ಜನ ಇಳಿದರು. ಶೋಭಾ, ಅವಳ ಗಂಡ, ಅತ್ತೆ ಪಾರವ್ವ, ಜೊತೆಗೆ ಇಬ್ಬರು ಮೈದುನರು. ಹಿಟ್ಟಿನ ಡಬ್ಬಿಯ ತಳ ಬಡಿದು ದ್ರಾಕ್ಷಾಯಿಣಿ ಇದ್ದ ಹಿಟ್ಟನ್ನೆಲ್ಲ ನಾದಿದಳು. ಇಪ್ಪತ್ತೊಂದು ರೊಟ್ಟಿಯಾದವು. ಒಂದನ್ನು ಕೌದಿಗೆಂದು ಬುಟ್ಟಿಯ ಅಡಿಯಲ್ಲಿ ಬೇರೆ ಇಟ್ಟಳು.

ಎಲ್ಲರೂ ಊಟಕ್ಕೆ ಕುಳಿತರು. ಎಣ್ಣೆಗಾಯಿ ಚಲೋ ಆಗಿತ್ತೋ ಏನೋ, ಮೈದುನರು ಬಿಟ್ಟೂಬಿಡದೆ ತಿಂದರು. ಗೌರವ್ವ ತಾಟಿನಲ್ಲಿ ಬಡಿಸಿದ ರೊಟ್ಟಿಯ ಗೋಜಿಗೇ ಹೋಗದೆ, "ನನಗ ಹಲ್ಲ ಬ್ಯಾನಿ ಆಗೇತಿ, ಒಂದೀಟು ಅನ್ನಾ ಹಾಕು" ಎಂದಳು. ಅನ್ನವೆಂದರೆ ಮೂಗು ಮುರಿಯುವ ಮುದುಕಿಗೆ ಇವತ್ತೇನು ಬಂತೆಂದು ಯೋಚಿಸಲೂ ದ್ರಾಕ್ಷಾಯಿಣಿಗೆ ಪುರಸೊತ್ತಿರಲಿಲ್ಲ. ಆಕೆ ಚಟ್ನಿ ತರಲು ಒಳಗೆ ಹೋದಾಗ ಕಾಶಿನಾಥ ತಾನೇ ಬುಟ್ಟಿಗೆ ಕೈ ಹಾಕಿ ಅಡಿಯ ರೊಟ್ಟಿಯನ್ನೂ ತೆಗೆದು, ಬೀಗರ ತಾಟಿಗೆ ಮುರಿದು ಹಾಕಿದ.

"ವೈನಿ, ಕೌದಿ ಕೊಡ್ರಿ. ಹೊತ್ತಾಗೇತಿ, ಹೊಂಡತೇವಿ" ಎಂದಳು ಶೋಭಾ, ಕೈ ತೊಳೆದು.

ದ್ರಾಕ್ಷಾಯಿಣಿ ಕೌದಿ ತಂದು ಹಾಸಿದಳು. ಎಲ್ಲರೂ ಅಬ್ಬಾ ಎಂದರು. ಗೌರವ್ವ ಮಾತ್ರ ಬಗ್ಗಿ ಮೂಲೆಗೆ ಬೆರಳು ತೂರಿಸಿದಳು.

"ಇದರ ಹೊಟ್ಟಿ ತುಂಬಿಲ್ಲಲ್ಲ?"

"ಒಂದ ರೊಟ್ಟಿ ಇಟ್ಟಿದ್ದೆ ಅತ್ತಿ" ಎಂದು ದ್ರಾಕ್ಷಾಯಿಣಿ ಬುಟ್ಟಿ ಎತ್ತಿ ನೋಡಿದಳು. ಖಾಲಿ.

"ಒಂದು ಬಡಿರಿ ಲಗೂನ" ಎಂದಳು ಶೋಭಾ.

"ಹಿಟ್ಟಿಲ್ಲ."

"ಗಿರಣಿಗೆ..."

"ರವಿವಾರ ಗಿರಣಿ ಬಂದ್" ಎಂದಳು ಗೌರವ್ವ. "ಬಾಗಲದಾಗ ಡಬ್ಬಿ ಒಂದ ವಾರದಿಂದ ಕುಂತೈತಿ. ಕೇಳು ನಿಮ್ಮಣ್ಣಗ."

ಕಾಶಿನಾಥ ಜೋಳದ ಡಬ್ಬಿಯನ್ನು ಈಗಷ್ಟೇ ಕಂಡವನ ಹಾಗೆ ನೋಡಿದ. "ಬಾಜೂ ಮನ್ಯಾಗ ಒಂದ ರೊಟ್ಟಿ ಇಸ್ಕೊಂಡ್ರ ಆಗಂಗಿಲ್ಲೇನು?" ಎಂದ.

"ಮಂದಿ ಮನಿ ರೊಟ್ಟಿ ನಡ್ಯಂಗಿಲ್ಲೋ. ಕೌದಿ ಯಾರ ಮನ್ಯಾಗ ಹೊಲಿತಾರ, ಅದ ಮನಿ ರೊಟ್ಟಿ ಆಗಬೇಕು."

"ಹಂಗ ಕೊಡ್ರಿ, ನಮ್ಮ ಮನ್ಯಾಗ ಇಟ್ಟು ಹೊಲಕೋತೇನಿ" ಎಂದು ಶೋಭಾ ಕೌದಿಗೆ ಕೈ ಚಾಚಿದಳು. ಆ ಕೈಯನ್ನು ತಡೆದವಳು ಪಾರವ್ವ.

"ಬ್ಯಾಡ ಶೋಭಾ. ಹಸದ ಕೌದಿ ಹೊಸಾ ಮನಿಗೆ ಒಯ್ಯಬಾರದು. ಮನಿ ಉಪವಾಸ ಬೀಳ್ತೈತಿ. ನಡಿ."

ಅತ್ತೆಯ ಮಾತು ಮೀರುವುದುಂಟೇ? ಶೋಭಾ ಮುಖ ಊದಿಸಿಕೊಂಡು, "ಮುಂದಿನ ಸಲ ಬಂದಾಗ ಒಯ್ತೇನಿ ತಗೋರಿ" ಎಂದು ಗಾಡಿ ಹತ್ತಿದಳು. ಕಾಶಿನಾಥ ಅವರನ್ನು ಕಳಿಸಲು ಹೊರಗೆ ಹೋದ.

ದ್ರಾಕ್ಷಾಯಿಣಿ ತಾಟುಗಳನ್ನು ಎತ್ತತೊಡಗಿದಳು. ಮುಂದಿನ ಸಲವೆಂದರೆ ಇನ್ನೊಂದು ತಿಂಗಳು, ಎರಡು ತಿಂಗಳು. ಅಷ್ಟೇ ತಾನೆ.

"ಇಡು ಅವನ್ನ. ಇಲ್ಲಿ ಬಾ" ಎಂದಳು ಗೌರವ್ವ.

ಮುದುಕಿ ತನ್ನ ತಾಟನ್ನು ಸರಿಸಿದಳು. ಅಡಿಯಲ್ಲಿ, ಅರಿವೆಯಲ್ಲಿ ಸುತ್ತಿದ ರೊಟ್ಟಿ ಇತ್ತು. ಇಡೀ ರೊಟ್ಟಿ, ಒಂದು ತುಣುಕೂ ಮುರಿದಿರಲಿಲ್ಲ.

"ಅತ್ತಿ... ನಿಮಗ ಹಲ್ಲ ಬ್ಯಾನಿ ಅಂದ್ರಿ?"

"ಬಾಯಾಗ ಹಲ್ಲರೆ ಎಲ್ಲಿ ಅದಾವ ಬ್ಯಾನಿ ಆಗಾಕ? ಇಪ್ಪತ್ತೊಂದು ರೊಟ್ಟಿ, ಒಂಬತ್ತು ಮಂದಿ. ಯಾರಿಗೆ ಉಳಿಯಂಗಿಲ್ಲ ಅನ್ನೂದು ನನಗ ಗೊತ್ತಿಲ್ಲೇನು? ಮುಂಜಾನಿಂದ ನೀ ಏನ ತಿಂದಿ?"

ದ್ರಾಕ್ಷಾಯಿಣಿ ನೆನಪು ಮಾಡಿಕೊಂಡಳು. ಚಹಾ. ಅದೂ ಅರ್ಧ.

ಗೌರವ್ವ ರೊಟ್ಟಿಯಿಂದ ಬೆರಳಗಲದ ತುಂಡು ಮುರಿದು ಕೌದಿಯ ಮೂಲೆಯಲ್ಲಿ ತೂರಿಸಿ, ಸೂಜಿ ತೆಗೆದುಕೊಂಡು ತಾನೇ ಹೊಲಿದಳು. ಟಾಕು ನೆಟ್ಟಗೆ ಬಿದ್ದವು. ಉಳಿದ ರೊಟ್ಟಿಗೆ ಎಣ್ಣೆಗಾಯಿಯ ರಸ ಬಳಿದು ಸೊಸೆಯ ಕೈಗಿಟ್ಟಳು.

"ತಿನ್ನು. ತಿಂದು ಇದನ್ನ ಹೊತ್ಕೊಂಡು ಮಕ್ಕೊ. ಒಮ್ಮೆ ಹೊತ್ತ ಕೌದಿ ಯಾರಿಗೂ ಕೊಡಾಕ ಬರಂಗಿಲ್ಲ. ಮುಂದಿನ ಸಲ ಬಂದ್ರ ಹಂಗ ಹೇಳ್ತೇನಿ."

"ಈ ಹೊತ್ತಿನ್ಯಾಗ? ಸೆಕಿ..."

"ಸೆಕಿ ಆದ್ರೂ ಹೊತ್ಕೊ ಅಂದೆ."

ದ್ರಾಕ್ಷಾಯಿಣಿಗೆ ದುಃಖ ಉಕ್ಕಿ ಬಂತು. ಅಳುತ್ತಲೇ ತಿಂದಳು, ತಿಂದು ಕೋಣೆಯಲ್ಲಿ ಅಡ್ಡಾಗಿ ಕೌದಿ ಎಳೆದುಕೊಂಡಳು. ಅವ್ವನ ಸೆರಗು ಸರಿಯಾಗಿ ಗಲ್ಲದ ಹತ್ತಿರ ಬಂತು. ಕಣ್ಣು ಹತ್ತಬೇಕೆನ್ನುವಷ್ಟರಲ್ಲಿ ಹಿತ್ತಲಲ್ಲಿ ನಳ ಬಂದ ಸದ್ದು. ಬುಧವಾರ ಬಾರದ ನೀರು ಈಗ ಬಂದಿತ್ತು. ಅತ್ತೆ ಮೊಳಕಾಲು ಹಿಡಿದುಕೊಂಡು ಏಳುವುದು, "ಕಾಶಿನಾಥಾ, ಕೊಡಾ ಹಿಡ್ಯಾಕ ಬಾ" ಎಂದು ಕೂಗುವುದು ಕೇಳಿಸಿತು.

ಏಳಬೇಕು ಎನಿಸಿತು. ಹದಿನೇಳು ವರ್ಷ ನಳದ ಸದ್ದಿಗೆ ಎದ್ದ ಮೈ ಅದು.

ಏಳಲಿಲ್ಲ.